1000001: ಕಾಟಾ ಚೀಟಿ ಮೇಲಿನ ಈ ಸಂಖ್ಯೆ ಒಡೆಯುತ್ತದಾ, ಇಲ್ವಾ?

ಕಾರಟಗಿ ಕಾಟಾ
ಎಲ್ಲರಿಗೂ ನಮಸ್ಕಾರ. ನಾನು ಕಾರಟಗಿ ಹತ್ತಿರ ಒಂದು ಲಾರಿ ಕಾಟಾದಲ್ಲಿ, ಅಂದರೆ ಲೋಡು ಗಾಡಿ ತೂಗುವ ಕಡೆ, ಕೆಲಸ ಮಾಡುತ್ತೇನೆ. ಭತ್ತದ ಸುಗ್ಗಿ ಶುರುವಾಗಿದೆ. ಪ್ರತಿ ಸುಗ್ಗಿಗೂ ನಮ್ಮಲ್ಲಿ ಚೀಟಿ ನಂಬರ್ ಹೊಸದಾಗಿ ಶುರುವಾಗುತ್ತದೆ. ಮೊದಲ ಅಂಕಿ ಕಾಟಾದ ನಂಬರ್. ಆಮೇಲಿನ ಆರು ಅಂಕಿ ಗಾಡಿಯ ಸರದಿ. ಹಾಗಾಗಿ ಒಂದನೇ ಕಾಟಾದ ಮೊದಲ ಚೀಟಿ 1000001.

ನನ್ನ ಮಗಳು ಒಂಬತ್ತನೇ ಕ್ಲಾಸು. ಊಟದ ಡಬ್ಬಿ ಕೊಡಲು ಬಂದವಳು ಈ ಚೀಟಿ ನೋಡಿದಳು. "ಅಪ್ಪಾ, ಇದು ಅವಿಭಾಜ್ಯ ಸಂಖ್ಯೆನಾ?" ಎಂದು ಕೇಳಿದಳು. ಇಬ್ಬರೂ ಕೂತು ಭಾಗಿಸಿದೆವು. 2, 3, 5 ರಿಂದ ಹೋಗಲ್ಲ ಅಂತ ನೋಡಿದರೇ ಗೊತ್ತಾಗುತ್ತದೆ. 7, 11, 13 ರಿಂದಲೂ ಹೋಗಲಿಲ್ಲ. ಅವಳು 37ರ ತನಕ ಬಿಡದೆ ಮಾಡಿದಳು. ಯಾವುದರಿಂದಲೂ ಹೋಗಲಿಲ್ಲ. ಅಷ್ಟರಲ್ಲಿ ಲಾರಿ ಬಂತು, ನಾನು ಎದ್ದೆ.

ನನ್ನ ಪ್ರಶ್ನೆ ಎರಡು. ಇದು ಅವಿಭಾಜ್ಯ ಹೌದಾ? ಅದನ್ನು ಖಚಿತ ಮಾಡಿಕೊಳ್ಳಲು ಎಲ್ಲಿಯ ತನಕ ಭಾಗಿಸುತ್ತಾ ಹೋಗಬೇಕು?

ಬಳ್ಳಾರಿ ಹುಡುಗ
ಅವಿಭಾಜ್ಯನೇ ಅಣ್ಣ. ಕೊನೆಯಲ್ಲಿ 1 ಇದೆ. ಅಂಕಿಗಳನ್ನು ಕೂಡಿದರೆ 2. 37ರ ತನಕ ಯಾವುದರಿಂದಲೂ ಹೋಗಿಲ್ಲ. ಇನ್ನೇನು ಬೇಕು?

ಮಸ್ಕಿ ಅಕ್ಕ
ಕೊನೆಯಲ್ಲಿ 1 ಇದ್ದರೆ ಏನೂ ಸಾಬೀತಾಗಲ್ಲ ತಮ್ಮ. 21, 51, 81, 91 ಎಲ್ಲದಕ್ಕೂ ಕೊನೆಯಲ್ಲಿ 1 ಇದೆ. 91 ಎಂದರೆ 7 × 13.

ಬಳ್ಳಾರಿ ಹುಡುಗ
ಅದು ಸರಿ ಅಕ್ಕ. ಆದ್ರೆ ಇಲ್ಲಿ 7, 13 ಎರಡನ್ನೂ ನೋಡಿದ್ದಾರಲ್ಲ.

ಲಿಂಗಸುಗೂರು ಲೆಕ್ಕ
ಎಲ್ಲಿಯ ತನಕ ಎಂಬುದಕ್ಕೆ ಉತ್ತರ: ವರ್ಗಮೂಲದ ತನಕ. ಒಂದು ಸಂಖ್ಯೆ ಎರಡು ಭಾಗವಾಗಿ ಒಡೆದರೆ ಅದರಲ್ಲಿ ಒಂದಾದರೂ ವರ್ಗಮೂಲಕ್ಕಿಂತ ದೊಡ್ಡದಿರಲ್ಲ. 1000001ರ ವರ್ಗಮೂಲ 1000ಕ್ಕಿಂತ ಕೂದಲೆಳೆಯಷ್ಟು ಜಾಸ್ತಿ. ಅಂದ್ರೆ 1000ದ ಒಳಗಿನ ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ ಭಾಗಿಸಿ ನೋಡಿದರೆ ಸಾಕು. ಅಂಥವು 168 ಇವೆ. 37 ಎಂದರೆ ಹನ್ನೆರಡನೆಯದು. ಇನ್ನೂ 156 ಉಳಿದಿವೆ. ಈಗಲೇ ಅವಿಭಾಜ್ಯ ಎಂದು ಹೇಳುವುದು ಅವಸರ.

ಕಂಪ್ಲಿ ರೈತ
168 ಸಲ ಭಾಗಾಕಾರನಾ! ರಾತ್ರಿ ಕರೆಂಟ್ ಬಂದು ಗದ್ದೆಗೆ ನೀರು ಕಟ್ಟಿ ಮನೆಗೆ ಬಂದರೂ ಮುಗಿಯಲ್ಲ.

ಕುಷ್ಟಗಿ ಕೋಡರ್
ನಾಲ್ಕು ಸಾಲಿನ ಪ್ರೋಗ್ರಾಂ ಬರೆದು ನೋಡಿದೆ. 101 ರಿಂದ ಹೋಗುತ್ತದೆ.

1000001 = 101 × 9901

ಅವಿಭಾಜ್ಯ ಅಲ್ಲ. ಇಪ್ಪತ್ತಾರನೇ ಪ್ರಯತ್ನಕ್ಕೇ ಸಿಕ್ಕಿತು, 168 ಬೇಕಾಗಲಿಲ್ಲ. ನೂರರ ಒಳಗೆ 25 ಅವಿಭಾಜ್ಯ ಇವೆ, ಅವು ಮುಗಿದ ಕೂಡಲೇ ಬರುವುದು 101.

ಬಳ್ಳಾರಿ ಹುಡುಗ
ಕೈಯಲ್ಲಿ ಗುಣಿಸಿದೆ. 9901ರ ನೂರರಷ್ಟು 990100. ಅದಕ್ಕೆ 9901 ಕೂಡಿದರೆ 1000001. ಒಪ್ಪಿದೆ, ನಾನು ಹೇಳಿದ್ದು ತಪ್ಪು.

ಸಿಂಧನೂರು ಮೇಷ್ಟ್ರು
ಉತ್ತರ ಬಂತು, ಸಂತೋಷ. ಆದರೆ ಆ ಹುಡುಗಿಗೆ ಕಂಪ್ಯೂಟರ್ ಹೇಳಿದ ಉತ್ತರ ಸಾಲದು. ಇದನ್ನು ಭಾಗಾಕಾರ ಇಲ್ಲದೆ, ಬರೀ ಕಣ್ಣಲ್ಲಿ ಕಾಣಬಹುದು. ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದೇನೆ, ಇದು ನನಗೆ ಬಹಳ ಇಷ್ಟದ ಜಾಗ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು, 37ರ ತನಕ ಯಾಕೆ ಸಿಗಲಿಲ್ಲ? ಈ ಸಂಖ್ಯೆಗಿಂತ 2 ಕಡಿಮೆ ಇರುವುದನ್ನು ನೋಡಿ: 999999. ಅದನ್ನು ಒಡೆದರೆ 3 × 3 × 3 × 7 × 11 × 13 × 37. ನಾವು ಶಾಲೆಯಲ್ಲಿ ಮೊದಲು ಪರೀಕ್ಷೆ ಮಾಡುವ 3, 7, 11, 13 ಎಲ್ಲವೂ ಪಕ್ಕದ ಮನೆಯಲ್ಲೇ ಕೂತಿವೆ. 999999 ಇವುಗಳಿಂದ ಪೂರ್ತಿ ಹೋಗುತ್ತದೆ. ಹಾಗಾದರೆ ಅದಕ್ಕೆ 2 ಕೂಡಿದ 1000001ಕ್ಕೆ ಈ ಐದರಲ್ಲೂ ಶೇಷ 2 ಬರಲೇಬೇಕು. ಕಾಟಾದ ಅಣ್ಣ, ಮಗಳ ನೋಟ್‌ಬುಕ್ ತೆಗೆದು ನೋಡಿ. 3, 7, 11, 13, 37 ಇವುಗಳ ಶೇಷ 2 ಬಂದಿದ್ದರೆ ಅವಳ ಲೆಕ್ಕ ಸರಿ.

ಈಗ 101. ಬಲಗಡೆಯಿಂದ ಎರಡೆರಡು ಅಂಕಿ ಬಿಡಿಸಿ ಬರೆಯಿರಿ: 1 | 00 | 00 | 01. ನೂರನ್ನು ಒಂದು ಕಟ್ಟು ಎಂದುಕೊಳ್ಳಿ. ಆಗ ಇದು ನೂರರ ಘನ, ಅದಕ್ಕೆ 1 ಕೂಡಿದ್ದು. ಒಂಬತ್ತನೇ ಕ್ಲಾಸಿನಲ್ಲಿ ಎಲ್ಲರೂ ಬಾಯಿಪಾಠ ಮಾಡುವ ಸೂತ್ರ ಇದೆಯಲ್ಲ:

ಕ³ + 1 = (ಕ + 1) × (ಕ² − ಕ + 1)

ಕ ಎಂಬ ಜಾಗಕ್ಕೆ 100 ಹಾಕಿ. ಮೊದಲ ಆವರಣ 101. ಎರಡನೆಯದು 10000 − 100 + 1, ಅಂದರೆ 9901. ಮುಗಿಯಿತು. ಮಕ್ಕಳು ಈ ಸೂತ್ರವನ್ನು ಪರೀಕ್ಷೆಗೆ ಬರೆದು ಮರೆಯುತ್ತಾರೆ. ಒಂದು ಸಂಖ್ಯೆಯೊಳಗೆ ಅದೇ ಸೂತ್ರ ಅಡಗಿ ಕೂತಿರುತ್ತದೆ ಎಂದು ಅವರಿಗೆ ಯಾರೂ ತೋರಿಸಿರಲ್ಲ.

ಕಾರಟಗಿ ಕಾಟಾ
ಮೇಷ್ಟ್ರೇ, ಮೈ ಜುಮ್ ಅಂತು. ನೋಟ್‌ಬುಕ್ ತೆಗೆದು ನೋಡಿದೆವು. 3ಕ್ಕೆ ಶೇಷ 2, 7ಕ್ಕೆ 2, 11ಕ್ಕೆ 2, 13ಕ್ಕೆ 2. ಮಧ್ಯದಲ್ಲಿ 17ಕ್ಕೆ 10, 19ಕ್ಕೆ 12. ಮತ್ತೆ 37ಕ್ಕೆ 2. ಪದೇ ಪದೇ 2 ಬರುತ್ತಿದ್ದುದಕ್ಕೆ ಎಲ್ಲೋ ತಪ್ಪಿದ್ದೇನೆ ಎಂದುಕೊಂಡು 13ರ ಲೆಕ್ಕವನ್ನು ಮೂರು ಸಲ ಮಾಡಿದ್ದಳಂತೆ. ನಿಮ್ಮ ಉತ್ತರ ಓದಿ ಕುಣಿದಳು.

ಮಸ್ಕಿ ಅಕ್ಕ
ಆ ಮಗು ಮೂರು ಸಲ ಮಾಡಿದ್ದೇ ದೊಡ್ಡದು. ನಾನು ಓದುವಾಗ ಒಂದು ಟೆಸ್ಟಿನಲ್ಲಿ 1001 ಅವಿಭಾಜ್ಯ ಅಲ್ಲ ಎಂದು ಬರೆದು 7 × 11 × 13 ಅಂತ ತೋರಿಸಿದ್ದೆ. ಮಗ್ಗಿಯಲ್ಲಿ ಇಲ್ಲದ್ದನ್ನು ಎಲ್ಲಿಂದ ನೋಡಿ ಬರೆದೆ ಎಂದು ಬೈದು ಅಂಕ ಕತ್ತರಿಸಿದ್ದರು. ಈಗಲೂ ನೆನಪಾದರೆ ಬೇಜಾರಾಗುತ್ತದೆ.

ಬಳ್ಳಾರಿ ಹುಡುಗ
ಹಾಗಾದ್ರೆ 1, ನಡುವೆ ಸೊನ್ನೆಗಳು, ಕೊನೆಗೆ 1 ಇರುವ ಎಲ್ಲ ಸಂಖ್ಯೆಯೂ ಒಡೆಯುತ್ತದೆ ಅಂತಾಯ್ತು ಅಲ್ವಾ ಮೇಷ್ಟ್ರೇ?

ಲಿಂಗಸುಗೂರು ಲೆಕ್ಕ
ಇಲ್ಲ. 101 ಅವಿಭಾಜ್ಯ. ನಡುವೆ ಸೊನ್ನೆಯೇ ಇಲ್ಲದ 11 ಕೂಡ ಅವಿಭಾಜ್ಯ.

ಬಳ್ಳಾರಿ ಹುಡುಗ
ಸರಿ, ಆ ಎರಡು ಬಿಟ್ಟು. 10001 ಒಡೆಯುತ್ತಾ? ಅದೇ ಸೂತ್ರ ಹಾಕಲು ಹೋದೆ, ಬರಲಿಲ್ಲ.

ಸಿಂಧನೂರು ಮೇಷ್ಟ್ರು
ಬರಲ್ಲ. 1000001 ಎಂದರೆ ಹತ್ತರ ಆರನೇ ಘಾತಕ್ಕೆ 1 ಕೂಡಿದ್ದು. ಆರರಲ್ಲಿ 3 ಎಂಬ ಬೆಸ ಸಂಖ್ಯೆ ಇದೆ, ಅದಕ್ಕೇ ಘನದ ಸೂತ್ರ ಕೂತಿತು. 10001 ಎಂದರೆ ಹತ್ತರ ನಾಲ್ಕನೇ ಘಾತಕ್ಕೆ 1. ನಾಲ್ಕರೊಳಗೆ ಬರೀ 2 ಮತ್ತು 2. ಬೆಸ ಅಪವರ್ತನ ಇಲ್ಲ, ಸೂತ್ರಕ್ಕೆ ಹಿಡಿ ಸಿಗಲ್ಲ. ಆದರೂ ಅದು ಒಡೆಯುತ್ತದೆ, 73 × 137. ಅದಕ್ಕೆ ಇಂಥ ಸುಲಭದ ಕಾರಣ ಇಲ್ಲ, ಭಾಗಿಸಿಯೇ ಹುಡುಕಬೇಕು.

ಘಾತ 2, 4, 8, 16, 32 ಹೀಗೆ ಎರಡರ ಘಾತ ಆಗಿದ್ದರೆ ಮಾತ್ರ ಅವಿಭಾಜ್ಯ ಆಗುವ ಅವಕಾಶ ಉಳಿಯುತ್ತದೆ. ಎಂಟನೇ ಘಾತದ್ದು 100000001. ಅದೂ 17 × 5882353 ಎಂದು ಒಡೆದಿದೆ. ಹತ್ತರ ಘಾತಕ್ಕೆ 1 ಕೂಡಿದ ಈ ಸಾಲಿನಲ್ಲಿ 11 ಮತ್ತು 101 ಬಿಟ್ಟು ಬೇರೆ ಅವಿಭಾಜ್ಯ ಇವತ್ತಿನ ತನಕ ಯಾರಿಗೂ ಸಿಕ್ಕಿಲ್ಲ.

ಕುಷ್ಟಗಿ ಕೋಡರ್
5882353 ಎಂದಾಗ ನೆನಪಾಯ್ತು. ಅದನ್ನು 588 ಮತ್ತು 2353 ಎಂದು ಕತ್ತರಿಸಿ ಎರಡರ ವರ್ಗ ಮಾಡಿ ಕೂಡಿ ನೋಡಿ. 345744 + 5536609 = 5882353. ಅದೇ ಸಂಖ್ಯೆ ವಾಪಸ್ ಬರುತ್ತದೆ!

ಕಂಪ್ಲಿ ರೈತ
ನನಗೆ ಸೂತ್ರ ಅಷ್ಟು ತಿಳಿಯಲ್ಲ. ಆದರೆ ಹತ್ತು ಲಕ್ಷ ಎಂದರೆ ಎಷ್ಟು ಅನ್ನೋದನ್ನು ಒಮ್ಮೆ ಕೈಯಾರೆ ನೋಡಿದ್ದೇನೆ. ಮಗನ ಜೊತೆ ಕೂತು ಸೋನಾ ಮಸೂರಿ ಭತ್ತದ 1000 ಕಾಳು ಎಣಿಸಿದೆವು. ಬಂಗಾರ ತೂಗುವ ತಕ್ಕಡಿಯಲ್ಲಿ ಇಟ್ಟರೆ 15 ಗ್ರಾಂ ಹತ್ತಿರ ಬಂತು. ಅಂದ್ರೆ ಹತ್ತು ಲಕ್ಷ ಕಾಳು 15 ಕೆಜಿ ಅಷ್ಟೇ. ನಮ್ಮ ಕಡೆ 75 ಕೆಜಿಯ ಒಂದು ಚೀಲದಲ್ಲಿ 50 ಲಕ್ಷ ಕಾಳು. ಲಾರಿಗೆ 200 ಚೀಲ ಹಾಕಿದರೆ 100 ಕೋಟಿ ಕಾಳು. ಕಾಟಾದ ಅಣ್ಣ ಒಂದು ಚೀಟಿ ಹರಿದು ಕೊಟ್ಟಾಗ ಅದರ ಹಿಂದೆ 100 ಕೋಟಿ ಇರುತ್ತದೆ.

ತುಂಗಭದ್ರಾ ಡ್ಯಾಮಿನ ನೀರಿನ ಲೆಕ್ಕದಲ್ಲಿ ಬರುವ ಒಂದು ಟಿಎಂಸಿ ಕೂಡ 100 ಕೋಟಿ ಘನ ಅಡಿ. ಪೇಪರಿನಲ್ಲಿ ಟಿಎಂಸಿ ಅಂತ ಓದಿದಾಗೆಲ್ಲ ನನಗೆ ಒಂದು ಲಾರಿ ಭತ್ತ ನೆನಪಾಗುತ್ತದೆ. ಕಾಳಿಗೊಂದು ಘನ ಅಡಿ.

ಮಸ್ಕಿ ಅಕ್ಕ
ಅಣ್ಣ, ಇದನ್ನು ನಾಳೆ ನನ್ನ ಅಕ್ಕನ ಮಕ್ಕಳಿಗೆ ಹೇಳ್ತೀನಿ. ಎಷ್ಟು ಚೆನ್ನಾಗಿದೆ.

ಹಗರಿ ದಂಡೆ
ವಿಷಯ ಬೇರೆ, ಕ್ಷಮಿಸಿ. ಕಾಟಾದವರು ಸಿಕ್ಕಿದ್ದೀರಿ ಅಂತ ಕೇಳುತ್ತಿದ್ದೇನೆ. ಹೋದ ವರ್ಷ ಒಂದು ಕಡೆ ತೂಗಿಸಿದಾಗ ನನ್ನ ಟ್ರ್ಯಾಕ್ಟರ್ ಲೋಡು ಇನ್ನೊಂದು ಕಡೆಗಿಂತ 60 ಕೆಜಿ ಕಡಿಮೆ ತೋರಿಸಿತು. ಹೆಚ್ಚುಕಡಿಮೆ ಒಂದು ಚೀಲದ ದುಡ್ಡು ಹೋದಂತೆ. ಯಾರನ್ನು ಕೇಳಬೇಕು?

ಕಾರಟಗಿ ಕಾಟಾ
ಅಣ್ಣ, ಖಾಲಿ ಗಾಡಿ ತೂಕ ಮತ್ತು ಲೋಡ್ ತೂಕ ಎರಡನ್ನೂ ಒಂದೇ ಕಾಟಾದಲ್ಲಿ ಮಾಡಿಸಿ. ಎರಡೂ ಚೀಟಿ ಇಟ್ಟುಕೊಳ್ಳಿ. ನಮ್ಮ ಕಾಟಾ 10 ಕೆಜಿ ಮೆಟ್ಟಿಲಲ್ಲಿ ತೋರಿಸುತ್ತದೆ, ಅದಕ್ಕಿಂತ ಸಣ್ಣ ವ್ಯತ್ಯಾಸ ಅದಕ್ಕೆ ಕಾಣಲ್ಲ. ಆದರೆ 60 ಕೆಜಿ ಆರು ಮೆಟ್ಟಿಲು. ಅದನ್ನು ಸುಮ್ನೆ ಬಿಡಬೇಡಿ. ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇದೆಯಾ, ಯಾವ ತಾರೀಖಿನದು ಎಂದು ನೋಡಿ. ಆ ಇಲಾಖೆಗೆ ದೂರು ಕೊಡಬಹುದು.

ಹಗರಿ ದಂಡೆ
ಧನ್ಯವಾದ. ಈಗ ಮತ್ತೆ ಲೆಕ್ಕಕ್ಕೆ ಬನ್ನಿ, ಓದುತ್ತಿದ್ದೇನೆ.

ಕೊಪ್ಪಳ ಕೋಟೆ
ಕಂಪ್ಲಿ ಅಣ್ಣ 100 ಕೋಟಿ ಎಂದರಲ್ಲ, ಅದಕ್ಕೆ ಒಂದು ಕೂಡಿ: 1000000001. ಈ ಸಂಖ್ಯೆ ನಮ್ಮ ಕನ್ನಡ ನಾಡಿನಲ್ಲೇ ಸುಮಾರು 1150 ವರ್ಷದ ಹಿಂದೆ ಒಂದು ಗಣಿತ ಗ್ರಂಥದಲ್ಲಿ ಬಂದಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದರು. ಗುಣಾಕಾರ ಹೇಳಿಕೊಡುವ ಭಾಗದಲ್ಲಿ ಅವರು ಉತ್ತರ ಹಾರದಂತೆ ಕಾಣುವ ಲೆಕ್ಕಗಳನ್ನು ಕೊಡುತ್ತಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ.

142857143 × 7 = 1000000001
12345679 × 9 = 111111111
27994681 × 441 = 12345654321
152207 × 73 = 11111111

ಮೊದಲನೆಯದನ್ನು ರಾಜನ ಕೊರಳಿಗೆ ಹಾಕುವ ಹಾರಕ್ಕೆ ಹೋಲಿಸಿದ್ದಾರೆ. ಎರಡು ತುದಿಗೆ ಒಂದೊಂದು ಮಣಿ, ನಡುವೆ ಸೊನ್ನೆಗಳು. ನಿಮ್ಮ ಚೀಟಿಯ 1000001 ಅದರ ತಂಗಿಯಂತೆ ಇದೆ.

ಅದೇ ಅಮೋಘವರ್ಷನ ಕಾಲದ ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡು ಯಾವುದು ಎಂದು ಹೇಳುವಾಗ ಕೊಪಣನಗರದ ಹೆಸರಿದೆ. ಅದೇ ನಮ್ಮ ಕೊಪ್ಪಳ. ಆಗ ಇದು ಜೈನರಿಗೆ ದೊಡ್ಡ ಕ್ಷೇತ್ರ. ಮಹಾವೀರಾಚಾರ್ಯರೂ ಜೈನರು. ಕೋಟೆ ಗುಡ್ಡದ ಕಡೆ ನೋಡಿದಾಗೆಲ್ಲ ನನಗೆ ಈ ಎರಡೂ ಒಟ್ಟಿಗೆ ನೆನಪಾಗುತ್ತವೆ.

ಬಳ್ಳಾರಿ ಹುಡುಗ
ಮಹಾವೀರಾಚಾರ್ಯರು ಕೊಪ್ಪಳದವರಾ?

ಕೊಪ್ಪಳ ಕೋಟೆ
ನಾನು ಹಾಗೆ ಹೇಳಿಲ್ಲ ತಮ್ಮ. ರಾಜ ಒಬ್ಬನೇ, ಕಾಲ ಒಂದೇ ಎಂದಷ್ಟೇ ಹೇಳಿದ್ದು.

ಸಿಂಧನೂರು ಮೇಷ್ಟ್ರು
ಕೋಟೆಯವರೇ, ಬಹಳ ಉಪಕಾರ ಮಾಡಿದಿರಿ. ಆ ರಾಜನ ಹಾರಕ್ಕೂ ನಮ್ಮ ಅದೇ ಸೂತ್ರ ಕೂರುತ್ತದೆ. 1000000001 ಎಂದರೆ ಸಾವಿರದ ಘನಕ್ಕೆ 1 ಕೂಡಿದ್ದು. ಕ ಜಾಗಕ್ಕೆ 1000 ಹಾಕಿ. ಮೊದಲ ಆವರಣ 1001, ಎರಡನೆಯದು 999001. ಮಸ್ಕಿ ಅಕ್ಕ ಹೇಳಿದ ಹಾಗೆ 1001 = 7 × 11 × 13. ಅದರಿಂದ 7 ಹೊರಗೆ ತೆಗೆದರೆ 143 ಉಳಿಯುತ್ತದೆ. 143 × 999001 = 142857143. ಆ ಹಾರದೊಳಗೆ 7 ಎಲ್ಲಿಂದ ಬಂತು ಎಂಬುದು ಪೂರ್ತಿ ಕಾಣುತ್ತದೆ.

ಅಕ್ಕ, ನಿಮ್ಮ 1001ಕ್ಕೆ ಆ ದಿನ ಪೂರ್ತಿ ಅಂಕ ಸಿಗಬೇಕಿತ್ತು.

ಮಸ್ಕಿ ಅಕ್ಕ
ಇವತ್ತು ಸಿಕ್ಕಿತು ಸರ್.

ಇನ್ನೊಂದು ಮಾತು. ಈ ರೂಪ ಕಾಣುತ್ತಿರುವುದು ಸೊನ್ನೆ ಇರುವುದರಿಂದ. ಅಶೋಕನ ಕಿರುಶಾಸನದ ಕೆಲವು ಪ್ರತಿಗಳಲ್ಲಿ 256 ಎಂಬ ಸಂಖ್ಯೆ ಇದೆ. ಅದನ್ನು 200ಕ್ಕೊಂದು, 50ಕ್ಕೊಂದು, 6ಕ್ಕೊಂದು ಚಿಹ್ನೆ ಹಾಕಿ ಬರೆದಿದ್ದಾರೆ. ಆ ಪದ್ಧತಿಯಲ್ಲಿ ಹತ್ತು ಲಕ್ಷದ ಒಂದನ್ನು ಬರೆದರೆ ಎರಡೆರಡು ಅಂಕಿ ಬಿಡಿಸಿ ನೋಡುವ ದಾರಿಯೇ ಇರುತ್ತಿರಲಿಲ್ಲ. ನಮ್ಮೂರಿನ ಶಾಸನದ ಬಂಡೆ ನೋಡಲು ಬರುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಲಿಂಗಸುಗೂರು ಲೆಕ್ಕ
ಮಕ್ಕಳಿಗೆ ತೋರಿಸಲು ಒಂದು ಆಟ. ನಿಮ್ಮ ಊರಿನ ಪಿನ್‌ಕೋಡ್ ಎರಡು ಸಲ ಒತ್ತಿ ಬರೆಯಿರಿ. ಬಳ್ಳಾರಿಯ 583101 ತಗೊಂಡರೆ 583101583101. ಇದನ್ನು 101 ರಿಂದ ಭಾಗಿಸಿ, 5773283001 ಬರುತ್ತದೆ. ಅದನ್ನು 9901 ರಿಂದ ಭಾಗಿಸಿ. ಮತ್ತೆ 583101! ಯಾವ ಊರಿನ ಪಿನ್‌ಕೋಡ್ ಆದರೂ ಆಗುತ್ತದೆ. ಆರು ಅಂಕಿಯನ್ನು ಎರಡು ಸಲ ಬರೆಯುವುದೂ 1000001 ರಿಂದ ಗುಣಿಸುವುದೂ ಒಂದೇ.

ಕಂಪ್ಲಿ ರೈತ
ಮಾಡಿದೆ. ಬಂತು! ಮಗನಿಗೂ ತೋರಿಸಿದೆ, ಅವನು ಮನೆಮಂದಿಯ ಹುಟ್ಟಿದ ತಾರೀಖು ಹಾಕಿ ನೋಡುತ್ತಾ ಕೂತಿದ್ದಾನೆ.

ಬಳ್ಳಾರಿ ಹುಡುಗ
ಒಂದು ಅನುಮಾನ. 9901 ಇನ್ನೂ ಒಡೆಯಲ್ಲ ಅಂತ ಯಾರು ನೋಡಿದ್ದಾರೆ? 99 × 100ಕ್ಕೆ 1 ಕೂಡಿದ್ದು ಅಲ್ವಾ, 99 ರಿಂದ ಹೋಗಬಹುದೇನೋ.

ಲಿಂಗಸುಗೂರು ಲೆಕ್ಕ
99 × 100 ಕ್ಕೆ 1 ಕೂಡಿದರೆ 99 ರಿಂದ ಭಾಗಿಸಿದಾಗ ಶೇಷ 1. ನೀವು ಬರೆದ ಸಾಲಿನಲ್ಲೇ ಉತ್ತರ ಇದೆ. ಆದರೆ ಅನುಮಾನ ಸರಿಯಾದದ್ದೇ. 9901ರ ವರ್ಗಮೂಲ 99.5. ಆದ್ದರಿಂದ 97ರ ತನಕ 25 ಅವಿಭಾಜ್ಯಗಳನ್ನು ನೋಡಿದರೆ ಸಾಕು. ಈಗ ಕೂತು ಎಲ್ಲವನ್ನೂ ಮಾಡಿದೆ. 13ಕ್ಕೆ ಶೇಷ 8. 61ಕ್ಕೆ ಶೇಷ 19, 73ಕ್ಕೆ 46, 97ಕ್ಕೆ 7. ಯಾವುದರಿಂದಲೂ ಹೋಗಲ್ಲ. 9901 ಅವಿಭಾಜ್ಯ. ಹಾಗಾಗಿ 1000001ಕ್ಕೆ ಒಟ್ಟು ನಾಲ್ಕೇ ಭಾಜಕಗಳು: 1, 101, 9901 ಮತ್ತು ಅದೇ.

ಕುಷ್ಟಗಿ ಕೋಡರ್
ನನ್ನ ಕಡೆಯಿಂದ ಒಂದು. 1000001 ಎಂದು ದ್ವಿಮಾನದಲ್ಲಿ, ಅಂದರೆ ಎರಡರ ಆಧಾರದಲ್ಲಿ, ಓದಿದರೆ ಅದು 64 + 1, ಅಂದರೆ 65. ಕಂಪ್ಯೂಟರಿನಲ್ಲಿ ಇಂಗ್ಲಿಷಿನ ದೊಡ್ಡ ಎ ಅಕ್ಷರಕ್ಕೆ ಕೊಟ್ಟಿರುವ ಸಂಖ್ಯೆ ಇದೇ 65. ಕಾಟಾದ ಅಣ್ಣ ಕೀಬೋರ್ಡಿನಲ್ಲಿ ದೊಡ್ಡ ಎ ಒತ್ತಿದಾಗೆಲ್ಲ ಒಳಗೆ ಈ ಚೀಟಿ ನಂಬರೇ ಓಡುತ್ತದೆ.

65 ಒಡೆದರೆ 5 × 13. ಮೇಷ್ಟ್ರ ಸೂತ್ರಕ್ಕೆ ಕ ಜಾಗದಲ್ಲಿ 4 ಹಾಕಿ ನೋಡಿ, 5 ಮತ್ತು 13 ತಾನಾಗಿ ಬರುತ್ತವೆ. ಮೂರರ ಆಧಾರದಲ್ಲಿ ಓದಿದರೆ 730. ಅದು 10 × 73. ಎಂಟರ ಆಧಾರದಲ್ಲಿ 262145, ಅದು 65 × 4033. ಯಾವ ಆಧಾರ ತಗೊಂಡರೂ ಒಡೆಯುತ್ತಿದೆ!

ಸಿಂಧನೂರು ಮೇಷ್ಟ್ರು
ಒಡೆಯಲೇಬೇಕು. ಆಧಾರ ಯಾವುದೇ ಇರಲಿ, 1000001 ಎಂದು ಬರೆದರೆ ಅದು ಆಧಾರದ ವರ್ಗದ ಘನಕ್ಕೆ 1 ಕೂಡಿದ್ದು. ಸೂತ್ರ ಆಧಾರವನ್ನು ಕೇಳುವುದೇ ಇಲ್ಲ. ಮನುಷ್ಯರಿಗೆ ಹತ್ತು ಬೆರಳಿನ ಬದಲು ಎಂಟು ಬೆರಳು ಇದ್ದಿದ್ದರೂ ಈ ಚೀಟಿ ಅವಿಭಾಜ್ಯ ಆಗುತ್ತಿರಲಿಲ್ಲ. ಕೋಡರ್ ತಮ್ಮ, ಇದನ್ನು ನಾನು ಯೋಚಿಸಿರಲಿಲ್ಲ. ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ಶಕ್ತಿನಗರ ಇಂಜಿನಿಯರ್
ನೈಟ್ ಶಿಫ್ಟ್ ಮುಗಿಸಿ ಬಂದು ಈಗ ಓದಿದೆ. ಇನ್ನೊಂದು ದಾರಿಯಿಂದಲೂ 101 ಮತ್ತು 9901 ಸಿಗುತ್ತವೆ. ಇದು ಗಣಿತಜ್ಞ ಆಯ್ಲರ್ ಬಳಸಿದ ದಾರಿ.

1000001 ಎಂದರೆ 1000² + 1². ಇದೇ ಸಂಖ್ಯೆಯನ್ನು ಬೇರೆ ಎರಡು ವರ್ಗಗಳ ಮೊತ್ತವಾಗಿಯೂ ಬರೆಯಬಹುದು: 980² + 199². ಕೂಡಿ ನೋಡಿ, 960400 + 39601. ಒಂದು ಬೆಸ ಸಂಖ್ಯೆಯನ್ನು ಹೀಗೆ ಎರಡು ರೀತಿಯಲ್ಲಿ ಬರೆಯಲು ಬಂದರೆ ಅದು ಅವಿಭಾಜ್ಯ ಅಲ್ಲ. ಅಷ್ಟೇ ಅಲ್ಲ, ಅಪವರ್ತನವೂ ಕೈಗೆ ಬರುತ್ತದೆ.

1000² − 980² = 199² − 1²
20 × 1980 = 198 × 200

ಈಗ 20ಕ್ಕೂ 198ಕ್ಕೂ ಇರುವ ಪ್ರಮಾಣ ಸಣ್ಣದು ಮಾಡಿ, 10 : 99. ಎರಡರ ವರ್ಗ ಕೂಡಿ, 100 + 9801 = 9901. ಹಾಗೆಯೇ 20 : 200 ಎಂದರೆ 1 : 10. ವರ್ಗ ಕೂಡಿದರೆ 101. ಎರಡೂ ಬಂದವು.

ವರ್ಗಗಳ ಮೊತ್ತವನ್ನು ಇಂಥದ್ದೇ ಇನ್ನೊಂದರಿಂದ ಗುಣಿಸಿದರೆ ಮತ್ತೆ ವರ್ಗಗಳ ಮೊತ್ತ ಬರುತ್ತದೆ ಎಂಬ ನಿಯಮ ಇದರ ಬೇರು. ಅದು ಬ್ರಹ್ಮಗುಪ್ತರು 628ರಲ್ಲಿ ಬರೆದ ಗ್ರಂಥದಲ್ಲಿ ಇನ್ನೂ ವಿಶಾಲ ರೂಪದಲ್ಲಿ ಇದೆ.

ಕಾಟಾದ ಅಣ್ಣ, ನಿಮ್ಮ ಒಂಬತ್ತನೇ ಚೀಟಿ ಯಾರಿಗೆ ಹೋಯಿತು? 1000009. ಆಯ್ಲರ್ ಇದೇ ದಾರಿಯಲ್ಲಿ ಒಡೆದ ಪ್ರಸಿದ್ಧ ಸಂಖ್ಯೆ ಅದು. 1000² + 3² ಮತ್ತು 972² + 235². ಮಗಳಿಗೆ ಕೊಡಿ, ಮುಂದಿನದನ್ನು ಅವಳೇ ಮಾಡಲಿ. ಉತ್ತರ ಇಲ್ಲಿ ಹೇಳುವುದಿಲ್ಲ.

ಬಳ್ಳಾರಿ ಹುಡುಗ
980 ಮತ್ತು 199 ನಿಮಗೆ ಹೇಗೆ ಹೊಳೆಯಿತು ಸರ್? ಅದನ್ನು ಹುಡುಕುವುದು ಭಾಗಿಸುವುದಕ್ಕಿಂತ ಕಷ್ಟ ಅಲ್ವಾ?

ಶಕ್ತಿನಗರ ಇಂಜಿನಿಯರ್
ಸರಿಯಾದ ಪ್ರಶ್ನೆ. ಇಲ್ಲಿ ಅಪವರ್ತನ ಮೊದಲೇ ಗೊತ್ತಿತ್ತು, ನಾನು ಹಿಂದಿನಿಂದ ಬಂದೆ. 101 = 10² + 1², 9901 = 99² + 10². ಎರಡನ್ನು ಬ್ರಹ್ಮಗುಪ್ತರ ನಿಯಮದಲ್ಲಿ ಹೆಣೆದೆ. 10 × 99 ರಿಂದ 1 × 10 ಕಳೆದರೆ 980. 10 × 10ಕ್ಕೆ 1 × 99 ಕೂಡಿದರೆ 199. ಏನೂ ಗೊತ್ತಿಲ್ಲದೆ ಹುಡುಕುವುದಾದರೆ 1000001 ರಿಂದ ಒಂದೊಂದೇ ವರ್ಗ ಕಳೆದು, ಉಳಿದದ್ದು ಪೂರ್ಣ ವರ್ಗವಾ ಎಂದು ನೋಡುತ್ತಾ ಹೋಗಬೇಕು. ಆಯ್ಲರ್‌ಗೆ ಅದಕ್ಕೆ ಒಳದಾರಿಗಳು ಗೊತ್ತಿದ್ದವು. ನಮಗೆ ಭಾಗಾಕಾರವೇ ಬೇಗ.

ಮಸ್ಕಿ ಅಕ್ಕ
ಎರಡನೇ ಕಾಟಾದ ಮೊದಲ ಚೀಟಿ 2000001 ಇರಬೇಕು ಅಲ್ವಾ? ಅದನ್ನು ನಾನೇ ಒಡೆದೆ. ಅಂಕಿಗಳ ಮೊತ್ತ 3. ಆದ್ದರಿಂದ 3 × 666667.

ಕಾರಟಗಿ ಕಾಟಾ
ಮೂರು ದಿನ ಗಾಡಿಗಳ ಸಾಲು ಜಾಸ್ತಿ ಇತ್ತು, ಉತ್ತರ ಕೊಡಲು ಆಗಲಿಲ್ಲ. ಎಲ್ಲರಿಗೂ ಕೈ ಮುಗಿಯುತ್ತೇನೆ. ಇಲ್ಲಿ ಬರೆದ ಪ್ರತಿಯೊಂದನ್ನೂ ಮಗಳಿಗೆ ಓದಿ ಹೇಳಿದ್ದೇನೆ.

ಒಂಬತ್ತನೇ ಚೀಟಿ ನಿನ್ನೆ ರಾತ್ರಿ ಒಡೆದಳು. ಅವಳು ಬರೆದಂತೆಯೇ ಹಾಕುತ್ತೇನೆ.

1000² − 972² = 235² − 3²
28 × 1972 = 232 × 238
28 : 232 = 7 : 58, ವರ್ಗಗಳ ಮೊತ್ತ 49 + 3364 = 3413
28 : 238 = 2 : 17, ವರ್ಗಗಳ ಮೊತ್ತ 4 + 289 = 293
293 × 3413 = 1000009

ಇದನ್ನು ಒಂದೊಂದೇ ಭಾಗಿಸುತ್ತಾ ಹೋಗಿದ್ದರೆ 293 ಸಿಗಲು 62ನೇ ಅವಿಭಾಜ್ಯದ ತನಕ ಹೋಗಬೇಕಿತ್ತು ಎಂದು ಅವಳೇ ಎಣಿಸಿ ಹೇಳಿದಳು.

ಆಮೇಲೆ ಮೊದಲ ಹತ್ತು ಚೀಟಿ ಇಟ್ಟುಕೊಂಡು ಕೂತಳು. ಸಮ ಸಂಖ್ಯೆ ಐದು, 5 ರಿಂದ ಹೋಗುವುದು ಒಂದು. 1000001 ಗೊತ್ತು, 1000009 ಗೊತ್ತು. 1000007 ಕೂಡ 29 ರಿಂದ ಹೋಯಿತು, 29 × 34483. ಉಳಿದದ್ದು ಮೂರನೇ ಚೀಟಿ ಒಂದೇ, 1000003.

ಕುಷ್ಟಗಿ ಕೋಡರ್
1000003 ಅವಿಭಾಜ್ಯ. ಹತ್ತು ಲಕ್ಷ ದಾಟಿದ ಮೇಲೆ ಸಿಗುವ ಮೊದಲನೆಯದು. ಅದರ ನಂತರ 33ನೇ ಚೀಟಿಯ ತನಕ ಮತ್ತೊಂದು ಇಲ್ಲ, 1000033. ಹತ್ತು ಲಕ್ಷದ ಒಳಗೆ ಒಟ್ಟು 78498 ಅವಿಭಾಜ್ಯ ಇವೆ. ಈ ಎತ್ತರದಲ್ಲಿ ಸರಾಸರಿ ಹದಿನಾಲ್ಕು ಸಂಖ್ಯೆಗೊಂದು ಸಿಗುತ್ತದೆ. ಇಲ್ಲಿ ಸ್ವಲ್ಪ ದೊಡ್ಡ ಖಾಲಿ ಜಾಗ ಬಿದ್ದಿದೆ.

ಕಾರಟಗಿ ಕಾಟಾ
ನೀವು ಹೇಳಿದ್ದನ್ನು ಅವಳಿಗೆ ಈಗಲೇ ಹೇಳುವುದಿಲ್ಲ ಸರ್. ಬೇಡ ಎಂದಿದ್ದಾಳೆ. 168 ಅವಿಭಾಜ್ಯಗಳನ್ನು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಂಡು ಒಂದೊಂದಾಗಿ ಗೀಟು ಹಾಕುತ್ತಿದ್ದಾಳೆ. 3, 7, 11, 13, 37 ಐದನ್ನೂ ಭಾಗಿಸದೆಯೇ ಹೊಡೆದು ಹಾಕಿದಳು. 999999ಕ್ಕೆ 4 ಕೂಡಿದ್ದಲ್ವಾ ಅಪ್ಪಾ ಎಂದಳು. 101 ಬಂದಾಗಲೂ ಪೆನ್ನು ಎತ್ತಲಿಲ್ಲ. ಶೇಷ 2 ಎಂದಳು. ಹೇಗೆ ಎಂದು ಕೇಳಿದೆ. ಗೋಡೆಗೆ ಅಂಟಿಸಿದ್ದ ಮೊದಲ ಚೀಟಿ ತೋರಿಸಿದಳು.

ಈಗ 400 ದಾಟಿದ್ದಾಳೆ.